ಯಾರೂ ಎಣಿಸದ ಲೆಕ್ಕ

2023ರ ಮೇ 5ರಂದು ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯದಲ್ಲಿ ಒಂದು ಸಂಖ್ಯೆ ಸದ್ದಿಲ್ಲದೆ ಹಿಂದೆ ಸರಿಯಿತು. ‘ದಿ ಕೇರಳ ಸ್ಟೋರಿ’ ಚಿತ್ರಕ್ಕೆ ತಡೆ ಕೋರಿದ ಅರ್ಜಿಗಳ ವಿಚಾರಣೆಯ ವೇಳೆ ನಿರ್ಮಾಪಕರು ಚಿತ್ರದ ಟೀಸರನ್ನು ತಮ್ಮ ಜಾಲತಾಣ ಖಾತೆಗಳಿಂದ ತೆಗೆದುಹಾಕಲು ಒಪ್ಪಿದರು. ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡು ಭಯೋತ್ಪಾದಕರ ನಾಡು ಸೇರಿದರೆಂದು ಸಾರಿದ್ದು ಆ ಟೀಸರೇ. ನ್ಯಾಯಾಲಯ ತಡೆ ನೀಡಲಿಲ್ಲ. ಚಿತ್ರ ಅಂದೇ ತೆರೆ ಕಂಡಿತು. ಅಷ್ಟರೊಳಗೆ ಯೂಟ್ಯೂಬಿನ ಟ್ರೈಲರ್ ವಿವರಣೆಯಲ್ಲಿ ಮೂವತ್ತೆರಡು ಸಾವಿರ ಮಂದಿ ಮೂವರಾಗಿದ್ದರು. ಮೇ 18ರಂದು, ಸರ್ವೋಚ್ಚ ನ್ಯಾಯಾಲಯದ ವಿಚಾರಣೆಯಲ್ಲಿ, ಈ ಸಂಖ್ಯೆಗೆ ಅಧಿಕೃತ ಆಧಾರವಿಲ್ಲವೆಂಬ ಸೂಚನೆಯನ್ನು ಚಿತ್ರಕ್ಕೆ ಸೇರಿಸಬೇಕೆಂದಾಯಿತು. ಟೀಸರು ಹೊರಬಂದದ್ದು 2022ರ ನವೆಂಬರಿನಲ್ಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಮನವೊಲಿಸುವ ಕಲೆಯ ಕುಟಿಲ ಮುಖ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ‘ಹಲವರು’ ಎಂದಿದ್ದರೆ ಕೇಳುಗನು ‘ಎಷ್ಟು ಮಂದಿ?’ ಎಂದು ಪ್ರಶ್ನಿಸುತ್ತಿದ್ದನು. ಮೂವತ್ತು ಸಾವಿರ ಎಂದಿದ್ದರೆ ಅಂದಾಜೆಂಬ ಗುಮಾನಿ ಬರುತ್ತಿತ್ತು. ಮೇಲಿನ ಎರಡು ಸಾವಿರವೇ ಮೋಡಿ ಮಾಡಿದ್ದು. ಯಾರೋ ಕುಳಿತು ಎಣಿಸಿರಬೇಕೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಸಾಲದೆಂಬಂತೆ ಟೀಸರಿನಲ್ಲಿ ಆ ಸಂಖ್ಯೆಯನ್ನು ನುಡಿಯುವವಳು ನೊಂದ ಹೆಣ್ಣುಮಗಳು. ಲೆಕ್ಕಕ್ಕೆ ಪುರಾವೆ ಕೇಳಿದರೆ ಅವಳ ಕಣ್ಣೀರನ್ನೇ ಶಂಕಿಸಿದಂತಾಗುತ್ತದೆ. ಕೇರಳದ 140 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿ ನೋಡಿದ್ದರೆ ಒಂದೊಂದರಿಂದಲೂ 228 ಹೆಣ್ಣುಮಕ್ಕಳು ಕಾಣೆಯಾಗಿರಬೇಕಿತ್ತು. ವ್ಯಾಪಾರವನ್ನೇ ಕುಲಕಸುಬಾಗಿಸಿಕೊಂಡ, ಕಾಸಿಗೆ ಕಾಸು ತಾಳೆ ನೋಡುವ ಸಮಾಜಕ್ಕೆ ಈ ಭಾಗಾಕಾರ ಕಷ್ಟದ್ದೇನಲ್ಲ.

2016ರಲ್ಲಿ ಕಾಸರಗೋಡು, ಪಾಲಕ್ಕಾಡುಗಳಿಂದ ಸುಮಾರು ಇಪ್ಪತ್ತು ಮಂದಿ ಅಫ್ಘಾನಿಸ್ತಾನಕ್ಕೆ ಹೋಗಿ ಉಗ್ರರನ್ನು ಸೇರಿದ್ದು ನಿಜ. ಅವರಲ್ಲಿ ಹೆಂಗಸರೂ ಇದ್ದರು. ಆ ಮನೆಗಳ ದುಃಖವೂ ನಿಜ. ಇಪ್ಪತ್ತನ್ನು ಇಪ್ಪತ್ತೆಂದೇ ಹೇಳಿದ್ದರೆ ಆ ದುಃಖಕ್ಕೆ ಗೌರವ ಸಲ್ಲುತ್ತಿತ್ತು.

2024ರ ಏಪ್ರಿಲ್ 5ರಂದು, ಕೇರಳದ ಮತದಾನಕ್ಕೆ ಮೂರು ವಾರವಿರುವಾಗ, ದೂರದರ್ಶನವು ಈ ಚಿತ್ರವನ್ನು ಬಿತ್ತರಿಸಿತು. ತಿರುವನಂತಪುರದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಮತ್ತು ವಿರೋಧಪಕ್ಷದ ನಾಯಕ ವಿ.ಡಿ. ಸತೀಶನ್ ಇಬ್ಬರೂ ವಿರೋಧಿಸಿದರು. ತಡೆಯಿರೆಂಬ ಕೂಗಾದರೂ ಲೆಕ್ಕಕ್ಕೆ ಉತ್ತರವಲ್ಲ. ನಿಷೇಧದ ಮಾತೆತ್ತಿದಷ್ಟೂ ಸುಳ್ಳಿಗೆ ಹುತಾತ್ಮನ ವೇಷ ದೊರೆಯುತ್ತದೆ.

ಈ ಚರ್ಚೆ ಜೈನ ಮನೆಗಳಿಗೆ ಹೊರಗಿನದೇ? ಭಾರತದ ಆದಾಯ ತೆರಿಗೆಯಲ್ಲಿ ಶೇ. 24ನ್ನು ಜೈನರೇ ಕಟ್ಟುತ್ತಾರೆಂಬ ಸಂದೇಶ ವರ್ಷಗಳಿಂದ ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಿದೆ. ವೇದಿಕೆಗಳಲ್ಲಿ ಚಪ್ಪಾಳೆಯನ್ನೂ ಗಿಟ್ಟಿಸುತ್ತದೆ. ಆದಾಯ ತೆರಿಗೆಯ ವಿವರಪತ್ರದಲ್ಲಿ ಧರ್ಮದ ಕಾಲಮೇ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬಂತು? 2011ರ ಜನಗಣತಿಯಂತೆ ದೇಶದ ಜೈನರು ಸುಮಾರು 44.5 ಲಕ್ಷ. ಅದು ಎಣಿಸಿದ ಲೆಕ್ಕ, ಶೇ. 24 ಎಂಬುದು ಯಾರೂ ಎಣಿಸದ ಲೆಕ್ಕ. ಒಂದು ಸಂಖ್ಯೆ ಪರರನ್ನು ಹಳಿಯುತ್ತದೆ, ಇನ್ನೊಂದು ತನ್ನವರನ್ನು ಹೊಗಳುತ್ತದೆ. ಎರಡನ್ನೂ ಎರಕ ಹೊಯ್ದ ಅಚ್ಚು ಒಂದೇ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ಕೂಟಲೇಖಕ್ರಿಯೆಯನ್ನೂ ಹೆಸರಿಸಿದೆ: ಒಂದು ನುಡಿಯ ವಂಚನೆ, ಮತ್ತೊಂದು ಬರಹದ್ದು. ಬೆರಳ ತುದಿಯಿಂದ ಮುಂದಕ್ಕೆ ಕಳಿಸುವ ಸಂದೇಶ ಎರಡಕ್ಕೂ ಸಲ್ಲುತ್ತದೆ. ‘ಬರೆದದ್ದು ನಾನಲ್ಲ, ಕಳಿಸಿದೆನಷ್ಟೆ’ ಎಂಬ ಸಮಜಾಯಿಷಿ ಲೇವಾದೇವಿಯಲ್ಲಿ ನಡೆಯದು. ಖೋಟಾ ನೋಟನ್ನು ಮುದ್ರಿಸಿದವನಂತೆ, ಅರಿತೂ ಚಲಾಯಿಸಿದವನೂ ಅಪರಾಧಿಯೇ.

‘ಇದೂ ಒಂದು ನಯ’ ಎಂದು ಅನೇಕಾಂತದ ಮರೆಗೆ ಸರಿಯುವವರ ವಾದ ಇನ್ನೂ ವಿಚಿತ್ರವಾದದ್ದು. ಇರುವ ವಸ್ತುವಿನ ಹಲವು ಮುಖಗಳನ್ನು ಕಾಣಲೆಂದು ಸ್ಯಾದ್ವಾದ ಹುಟ್ಟಿತು. ಮೊಲದ ಕೊಂಬು ಎಷ್ಟು ಗೇಣು ಎಂಬುದನ್ನು ತೀರ್ಮಾನಿಸಲು ಸಪ್ತಭಂಗಿ ಬೇಕಿಲ್ಲ. ಸಮಂತಭದ್ರರಂತೂ ಆಪ್ತಮೀಮಾಂಸೆಯ ಆರಂಭದಲ್ಲೇ ಜಿನನನ್ನು ಎದುರಿಟ್ಟುಕೊಂಡು ವಾದಿಸುತ್ತಾರೆ: ದೇವತೆಗಳ ಆಗಮನ, ಚಾಮರಗಳ ವೈಭವ ಇಂದ್ರಜಾಲದವರಲ್ಲೂ ಕಾಣುತ್ತವೆ, ಪೂಜ್ಯತೆಗೆ ಅವು ಪ್ರಮಾಣವಲ್ಲ, ಯುಕ್ತಿಗೆ ವಿರೋಧವಾಗದ ಮಾತೇ ಪ್ರಮಾಣ. ಜಿನನಿಗೇ ಹಾಕಿದ ಈ ಪರೀಕ್ಷೆಯಿಂದ ಸಿನಿಮಾದ ಜಾಹೀರಾತಿಗೂ ಸಮಾಜದ ಮುಖಂಡರ ಭಾಷಣಕ್ಕೂ ವಿನಾಯಿತಿ ಕೊಟ್ಟವರು ಯಾರು?

ಮಟ್ಟಾಂಚೇರಿಯ ಧರ್ಮನಾಥ ಜಿನಾಲಯದ ಸುತ್ತ, ವಯನಾಡಿನ ಕನ್ನಡ ಮೂಲದ ಗೌಡರ್ ಮನೆತನಗಳಲ್ಲಿ ಕೇರಳವನ್ನು ಬಾಳಿ ಬಲ್ಲ ಜೈನರಿದ್ದಾರೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕುಳಿತು ಆ ನಾಡಿನ ಬಗ್ಗೆ ಸಂದೇಶ ಹರಡುವ ಮೊದಲು ಅವರಿಗೊಂದು ಕರೆ ಮಾಡಲು ಅಡ್ಡಿಯೇನಿಲ್ಲ. ಮುಂದಿನ ಮಹಾವೀರ ಜಯಂತಿಯ ವೇದಿಕೆಯಲ್ಲಿ ಯಾರಾದರೂ ಶೇ. 24ರ ಮಾತೆತ್ತಿದರೆ, ಮುಂದಿನ ಸಾಲಿನ ಶ್ರಾವಕರೊಬ್ಬರು ಕೈಮುಗಿದು ಎದ್ದುನಿಂತು, ಯಾವ ಇಲಾಖೆಯ, ಯಾವ ವರ್ಷದ ಲೆಕ್ಕವೆಂದು ಕೇಳಲಿ.