ಹದಿನಾರರ ಮೇಲೆ ಕುಳಿತವರು

ಅಮೆರಿಕದ ನೆವಾಡ ರಾಜ್ಯದ ಜೂಜುಮಂದಿರಗಳಲ್ಲಿ ಹಸಿರು ಬಟ್ಟೆ ಹೊದಿಸಿದ ಅರ್ಧಚಂದ್ರಾಕಾರದ ಮೇಜಿನ ಹಿಂದೆ ನಿಂತು ಇಸ್ಪೀಟಿನ ಎಲೆ ಹಂಚುವವನಿಗೆ ಸ್ವಭಾವವೆಂಬುದೇ ಇಲ್ಲ. ಮನೆಯಲ್ಲಿ ಅವನು ಎಂಥವನಾದರೂ ಆಗಿರಲಿ, ಇಲ್ಲಿ ಅವನಿಗಿರುವುದು ಒಂದೇ ಕಟ್ಟಳೆ: ತನ್ನ ಎಲೆಗಳ ಮೊತ್ತ 16 ಅಥವಾ ಅದಕ್ಕೂ ಕಡಿಮೆಯಾದರೆ ಇನ್ನೊಂದು ಎಲೆ ತೆಗೆಯತಕ್ಕದ್ದು, 17 ಮುಟ್ಟಿದರೆ ನಿಲ್ಲತಕ್ಕದ್ದು. ಎಕ್ಕ ಸೇರಿ 17 ಆದಾಗ ಕೆಲವು ಕಡೆ ಬೇರೆ ನಿಯಮವುಂಟು, ಅಷ್ಟೆ. ಧೈರ್ಯ, ಅಂಜಿಕೆ, ಛಲ, ಕನಿಕರ ಯಾವುದಕ್ಕೂ ಅಲ್ಲಿ ಎಡೆಯಿಲ್ಲ. ಎದುರಿಗೆ ಕುಳಿತು ಆಡುವವರಿಗಾದರೋ ತಮ್ಮ ತಮ್ಮ ಸ್ವಭಾವದಂತೆ ನಡೆಯಲು ಪೂರ್ಣ ಸ್ವಾತಂತ್ರ್ಯ. ಮಂದಿರದ ಒಡೆಯರ ವರಮಾನದಲ್ಲಿ ಒಳ್ಳೆಯ ಪಾಲು ಬರುವುದು ಈ ಸ್ವಾತಂತ್ರ್ಯದಿಂದಲೇ.

ಆಟದ ಹೆಸರು ಬ್ಲ್ಯಾಕ್‌ಜಾಕ್. ‘ಇಪ್ಪತ್ತೊಂದು’ ಎಂದೂ ಕರೆಯುವುದುಂಟು. ರಾಜ, ರಾಣಿ, ಗುಲಾಮರಿಗೆ ತಲಾ ಹತ್ತು. ಎಕ್ಕಕ್ಕೆ ಒಂದು ಇಲ್ಲವೆ ಹನ್ನೊಂದು. ಉಳಿದವಕ್ಕೆ ಮೈಮೇಲಿನ ಅಂಕಿಯೇ ಬೆಲೆ. 21ಕ್ಕೆ ಆದಷ್ಟು ಹತ್ತಿರ ಬರಬೇಕು, ದಾಟಿದರೆ ಸೋಲು. ಮೊದಲು ಎಲೆ ತೆಗೆಯಬೇಕಾದವನು ಆಟಗಾರ. ಅವನು ದಾಟಿದೊಡನೆ ಪಣ ಹೋಯಿತು. ಆಮೇಲೆ ಹಂಚುವವನೂ ದಾಟಿದರೆ ಕೇಳುವವರಿಲ್ಲ. ಮಂದಿರದ ಮೇಲುಗೈ ಅಡಗಿರುವುದು ಈ ಸರದಿಯಲ್ಲಿ.

ಈ ಆಟವನ್ನು ಹೇಗೆ ಆಡಿದರೆ ನಷ್ಟ ಅತಿ ಕಡಿಮೆಯಾದೀತೆಂಬುದನ್ನು ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮ್ಯಾಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳ ನೆರವಿನಿಂದ ಎಣಿಸಿ 1956ರಲ್ಲಿ ಪ್ರಕಟಿಸಿದರು. ಲೆಕ್ಕ ತಪ್ಪದೆ ಆಡುವವನು ಸಾಮಾನ್ಯ ನಿಯಮಗಳಲ್ಲಿ, ದೀರ್ಘಕಾಲದ ಸರಾಸರಿಯಂತೆ, ನೂರು ರೂಪಾಯಿ ಪಣಕ್ಕೆ ಸುಮಾರು ಅರ್ಧ ರೂಪಾಯಿ ಕಳೆದುಕೊಳ್ಳುತ್ತಾನೆ. ದಾಟುವ ಅಪಾಯವೇ ಬೇಡವೆಂದು ಕೂರುವವನು ಕಳೆಯುವುದು ಸುಮಾರು ನಾಲ್ಕು ರೂಪಾಯಿ. ಹಂಚುವವನನ್ನೇ ಅನುಕರಿಸುವ ಜಾಣನು ಸುಮಾರು ಐದೂವರೆ ತೆರುತ್ತಾನೆ. ಅರ್ಧಕ್ಕೂ ಐದೂವರೆಗೂ ನಡುವಣ ಅಂತರ ಎಲೆಗಳು ಮಾಡಿದ್ದಲ್ಲ, ಆಡುವವನ ಗುಣ ಮಾಡಿದ್ದು.

ಅಂಜುಕುಳಿಯ ಕೈಯಲ್ಲಿ 16 ಬಂದಿದೆಯೆನ್ನಿ. ಹಂಚುವವನ ಮುಂದೆ ಕಾಣುವುದು 7. ಇನ್ನೊಂದು ಎಲೆ ತೆಗೆದರೆ 13ರಲ್ಲಿ 8 ಪಾಲು ದಾಟುವ ಸಂಭವ. ಆತ ಕೈ ಅಲ್ಲಾಡಿಸಿ ಸಾಕೆನ್ನುತ್ತಾನೆ. ಆದರೆ ನಿಂತರೂ ಅವನು ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದೇ ಸಲ. ಕೂಡಿ ಕಳೆದು ನೋಡಿದರೆ ತೆಗೆಯುವುದರಲ್ಲೇ ನಷ್ಟ ಕಡಿಮೆ. ಇದನ್ನು ಬಲ್ಲವರೂ ತೆಗೆಯಲು ಹಿಂಜರಿಯುತ್ತಾರೆ. ತೆಗೆದು ಸೋತರೆ ತಪ್ಪು ತನ್ನ ಕೈಯದು. ಸುಮ್ಮನಿದ್ದು ಸೋತರೆ ಹಣೆಬರಹದ್ದು! ಕಾರ್ಲಿನ್ ಮತ್ತು ರಾಬಿನ್‌ಸನ್ ಎಂಬ ವಿದ್ವಾಂಸರು ಲಾಸ್ ವೇಗಸ್ಸಿನ ಮೇಜುಗಳ ಆಟವನ್ನು ಪರಿಶೀಲಿಸಿ 2009ರಲ್ಲಿ ಬರೆದ ಲೇಖನದಲ್ಲಿ, ಆಟಗಾರರ ತಪ್ಪುಗಳಲ್ಲಿ ಬಹುಪಾಲು ಹೀಗೆ ಸುಮ್ಮನಿದ್ದು ಮಾಡಿದ ತಪ್ಪುಗಳೆಂದು ತೋರಿಸಿದರು. ಜೂಜುಗಾರನೆಂದರೆ ದುಡುಕುವವನೆಂಬ ಕಲ್ಪನೆಗೆ ಇದು ವಿರುದ್ಧ.

ಸಂಸಾರವಂದಿಗನಾದ ಮುಂಜಾಗ್ರತೆಯವನನ್ನು ಹಿಡಿಯಲು ಬೇರೊಂದು ಬಲೆಯಿದೆ. ಹಂಚುವವನಿಗೆ ಎಕ್ಕ ಬಂದಾಗ ‘ವಿಮೆ’ ಬೇಕೇ ಎಂದು ಕೇಳುತ್ತಾರೆ. ಎಂಥ ಹಿತವಾದ ಹೆಸರು! ವರ್ಷವರ್ಷವೂ ವಿಮೆಯ ಕಂತನ್ನು ತಪ್ಪದೆ ಕಟ್ಟಿದವನಿಗೆ ಬೇಡವೆನ್ನಲು ಬಾಯಿ ಬಂದೀತೆ? ಅದು ವಿಮೆಯಲ್ಲ, ಮುಚ್ಚಿದ ಎಲೆಯ ಬೆಲೆ ಹತ್ತೆಂದು ಕಟ್ಟುವ ಇನ್ನೊಂದು ಪಣ. ಅದರಲ್ಲಿ ನೂರಕ್ಕೆ ಏಳು ರೂಪಾಯಿಗೂ ಮಿಕ್ಕ ನಷ್ಟ.

ಇನ್ನು ಸಿಡುಕು ಸ್ವಭಾವದವನು. ಕೊನೆಯ ಆಸನದಲ್ಲಿ ಕುಳಿತವನು ಒಂದು ಎಲೆ ಹೆಚ್ಚು ತೆಗೆದುಕೊಂಡದ್ದರಿಂದ ಹಂಚುವವನು ಪಾರಾದನೆಂದೂ, ಇಡೀ ಮೇಜು ಕೆಟ್ಟಿತೆಂದೂ ರೇಗಾಡುತ್ತಾನೆ. ಆ ಎಲೆ ಕೆಡಿಸುವುದಕ್ಕೆ ಎಷ್ಟು ಸಾಧ್ಯವೋ ಕಾಪಾಡುವುದಕ್ಕೂ ಅಷ್ಟೇ ಸಾಧ್ಯ. ಆದರೆ ಕಾಪಾಡಿದಾಗ ಕೊನೆಯ ಆಸನದವನಿಗೆ ನಮಸ್ಕಾರ ಹೇಳಿದವರು ಅಪರೂಪ.

ಲೆಕ್ಕವನ್ನು ಪೂರ್ಣವಾಗಿ ಬಲ್ಲವನೊಬ್ಬ, ಬಲ್ಲವನ ಜೊತೆಗಿದ್ದೂ ತಡೆದುಕೊಳ್ಳಲಾರದವನೊಬ್ಬ, ಹೀಗೆ ಇಬ್ಬರು 1961ರಲ್ಲಿ ನೆವಾಡದ ಮೇಜುಗಳಿಗೆ ಒಟ್ಟಿಗೆ ಬಂದರು. ಮೊದಲನೆಯವನು ಎಂ.ಐ.ಟಿ.ಯ ಗಣಿತದ ಅಧ್ಯಾಪಕ ಎಡ್ವರ್ಡ್ ಥಾರ್ಪ್. ವನಪರ್ವದ ಋತುಪರ್ಣ ಮಹಾರಾಜ ತಾರೆಮರದ ಎಲೆ ಕಾಯಿಗಳನ್ನು ಎಣಿಸಿದಂತೆ ಈತನು ಆಡಿ ಮುಗಿದ ಎಲೆಗಳನ್ನು ಎಣಿಸಿ, ಉಳಿದ ಕಟ್ಟು ಯಾರಿಗೆ ಅನುಕೂಲವೆಂದು ಹೇಳಬಲ್ಲವನಾಗಿದ್ದ. ಹಣ ಹಾಕಿದವರು ಇಬ್ಬರು ಶ್ರೀಮಂತರು. ಥಾರ್ಪ್ ತನ್ನ ಪುಸ್ತಕದಲ್ಲಿ ಅವರನ್ನು ಶ್ರೀ ಎಕ್ಸ್, ಶ್ರೀ ವೈ ಎಂದಷ್ಟೇ ಕರೆದ. ಅವರು ಒಂದು ಲಕ್ಷ ಡಾಲರ್ ಕೊಡಲು ಸಿದ್ಧರಿದ್ದರು. ಥಾರ್ಪ್ ಹತ್ತು ಸಾವಿರ ಸಾಕೆಂದ. ತನ್ನ ಮನಸ್ಸು ಕದಲದಷ್ಟು ಸಣ್ಣ ಪಣದಿಂದ ಆರಂಭಿಸಿ, ಅದು ಅಭ್ಯಾಸವಾದ ಮೇಲೆ ಪಣವನ್ನು ಹೆಚ್ಚಿಸುತ್ತ ಹೋದ. ತನ್ನ ಲೆಕ್ಕದಲ್ಲಿ ಅವನಿಗೆ ಸಂದೇಹವಿರಲಿಲ್ಲ. ದೊಡ್ಡ ಮೊತ್ತದ ಮುಂದೆ ತನ್ನ ಕೈ ನಡುಗೀತೆ ಎಂಬುದೊಂದನ್ನೇ ಅವನು ಪರೀಕ್ಷಿಸಿ ನೋಡಬೇಕಾಗಿತ್ತು.

ಶ್ರೀ ಎಕ್ಸ್ ಮಹಾಶಯ ಬೇರೆ ಜಾತಿಯ ಜೀವ. ಅದೇ ಎಣಿಕೆ ಅವನಿಗೂ ಎಟುಕುತ್ತಿತ್ತು, ಅದೇ ಹಣ ಕೈಯಲ್ಲಿತ್ತು. ಆದರೆ ಆಟದ ಕಾವು ಏರಿದಾಗ ಥಾರ್ಪ್ ಏಳೋಣವೆಂದರೂ ಏಳಲಿಲ್ಲ; ಗೆದ್ದುದರಲ್ಲಿ ದೊಡ್ಡ ಮೊತ್ತವನ್ನು ಒಂದೇ ಬಾರಿಯ ಕೂರಿಕೆಯಲ್ಲಿ ಕಳೆದ. ಹಾಗಾದರೂ ಕೊನೆಗೆ ಹತ್ತು ಸಾವಿರ 21,000 ಆಗಿತ್ತು.

ಥಾರ್ಪ್‌ನ ‘ಬೀಟ್ ದಿ ಡೀಲರ್’ 1962ರಲ್ಲಿ ಅಚ್ಚಾಯಿತು. ಒಡೆಯರು ಗಾಬರಿಗೊಂಡು 1964ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ಸಿನ ಆಟದ ನಿಯಮಗಳನ್ನೇ ಬಿಗಿಗೊಳಿಸಿದರು. ಆಟಗಾರರು ಮೇಜಿನ ಬಳಿ ಸುಳಿಯದೆ ಹೋದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ಹಿಂದಿರುಗಿದವು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದವರಲ್ಲಿ ಅದರಂತೆ ಗಂಟೆಗಟ್ಟಲೆ ಬೇಸರವಿಲ್ಲದೆ ಎಣಿಸಬಲ್ಲವರು ಕೆಲವರಷ್ಟೆ ಎಂಬುದು ಒಡೆಯರಿಗೆ ಬಹುಬೇಗ ತಿಳಿದುಬಂದಿತು. ಅವರು ಬ್ಲ್ಯಾಕ್‌ಜಾಕ್ ಮೇಜುಗಳನ್ನು ಹೆಚ್ಚಿಸಿದರು.