ಮುಪ್ಪಿಗೆ ಕಾರ್ಡು ಮಾತ್ರ ಆಸರೆಯಾಗದು

ಹೆತ್ತವರ ಅನಾರೋಗ್ಯವು ಒಂದು ಮನೆಯ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಲು ಒಂದು ರಾತ್ರಿ ಸಾಕು. ಎದೆ ಹಿಡಿದುಕೊಂಡು ಕುಸಿದ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ಮಗ, ಬೆಳಗಾಗುವಷ್ಟರಲ್ಲಿ ಮುಂಗಡ ಹಣಕ್ಕಾಗಿ ಬಂಧುಗಳ ಮನೆಬಾಗಿಲಲ್ಲಿ ನಿಂತಿರುತ್ತಾನೆ. ತಾಯಿಯ ಬಳೆಗಳು ಅಡವಿಗೆ ಹೋಗುತ್ತವೆ. ಬಡ್ಡಿಯ ಸಾಲ ಮನೆಯೊಳಗೆ ಕಾಲಿಡುತ್ತದೆ. ಆ ತಂದೆಗೆ ಸರಕಾರದ ಆರೋಗ್ಯ ವಿಮೆಯ ಹಕ್ಕಿತ್ತೆಂಬ ಸಂಗತಿ ತಿಳಿಯುವುದು ಬಿಲ್ಲು ಪಾವತಿಯಾದ ಬಳಿಕ! ಇದಕ್ಕೆ ಬಡತನವೊಂದೇ ಕಾರಣವೇ? ಅಲ್ಲ, ನಮ್ಮ ಅರಿವಿನ ಕೊರತೆಯೂ ಕಾರಣ.

2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಆರಂಭವಾದಾಗ ಬಡ ಕುಟುಂಬವೊಂದಕ್ಕೆ ದೊರೆಯುತ್ತಿದ್ದ ರಕ್ಷಣೆ ವರ್ಷಕ್ಕೆ 30 ಸಾವಿರ ರೂಪಾಯಿ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯು ಅದನ್ನು 5 ಲಕ್ಷಕ್ಕೆ ಏರಿಸಿತು. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಈ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಇಲ್ಲಿ ಆದಾಯದ ಮಿತಿಯಿಲ್ಲ. ಅದಕ್ಕಾಗಿ ನೀಡುವ ಪ್ರತ್ಯೇಕ ಕಾರ್ಡಿಗೆ ಆಯುಷ್ಮಾನ್ ವಯ ವಂದನಾ ಎಂದು ಹೆಸರು.

ಇದರ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಈಗಾಗಲೇ ಆಯುಷ್ಮಾನ್ ಭಾರತ್‌ಗೆ ಸೇರಿರುವ ಕುಟುಂಬದ 70 ದಾಟಿದ ಹಿರಿಯರಿಗೆ ಪ್ರತ್ಯೇಕವಾಗಿ ಇನ್ನೂ 5 ಲಕ್ಷದ ರಕ್ಷಣೆ ಸಿಗುತ್ತದೆ. ಅದನ್ನು ಮನೆಯ ಕಿರಿಯರು ಬಳಸುವಂತಿಲ್ಲ. ಇತರ ಕುಟುಂಬಗಳಲ್ಲಿ 5 ಲಕ್ಷವು ಇಡೀ ಕುಟುಂಬದ ಹಿರಿಯರಿಗೆ ಸೇರಿದ್ದು. ಅಂದರೆ ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಅದನ್ನು ಹಂಚಿಕೊಳ್ಳಬೇಕು. ಖಾಸಗಿ ವಿಮೆ ಅಥವಾ ಇಎಸ್‌ಐ ಸೌಲಭ್ಯವಿದ್ದವರೂ ಅರ್ಹರೇ. ಕೇಂದ್ರ ಸರಕಾರಿ ನೌಕರರ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಚಿಕಿತ್ಸೆ ಲಭ್ಯ. ಖಾಸಗಿ ವಿಮೆಯಲ್ಲಾದರೋ ಇಂತಹ ಕಾಯಿಲೆಗೆ ಮೂರು ವರ್ಷಗಳವರೆಗೆ ಕಾಯಿಸಲು ಕಂಪೆನಿಗಳಿಗೆ ಅವಕಾಶವಿದೆ.

ನಮ್ಮ ರಾಜ್ಯದಲ್ಲಿ 2018ರಿಂದ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಯೋಜನೆಗಳು ಜೊತೆಗೂಡಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ಗರಿಷ್ಠ ಒಂದೂವರೆ ಲಕ್ಷದವರೆಗೆ, ಸರಕಾರ ಭರಿಸುತ್ತದೆ. ಆದರೆ ಇಲ್ಲೊಂದು ನಿಯಮವಿದೆ. ತುರ್ತು ಚಿಕಿತ್ಸೆಯ ಪಟ್ಟಿಯಲ್ಲಿಲ್ಲದ ಕಾಯಿಲೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ಶಿಫಾರಸು ಪತ್ರ ಪಡೆದ ಬಳಿಕವೇ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ ಸಿಗುತ್ತದೆ. ಈ ಒಂದು ಹೆಜ್ಜೆಯನ್ನು ಅರಿಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, ಹಕ್ಕನ್ನು ಕಳೆದುಕೊಂಡು ಹತಾಶರಾಗುವವರು ಎಷ್ಟು ಮಂದಿ!

ಹಾಗೆಂದು ಎಲ್ಲ ಹೊಣೆಯನ್ನೂ ಜನರ ಮೇಲೆ ಹೊರಿಸಿ ಸರಕಾರ ನುಣುಚಿಕೊಳ್ಳುವಂತಿಲ್ಲ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ 60 ವರ್ಷವಾದವರು ಹಿರಿಯ ನಾಗರಿಕರು. ಹಾಗಾದರೆ ಆರೋಗ್ಯದ ವಿಷಯದಲ್ಲಿ ಮಾತ್ರ ಮುಪ್ಪು 70ಕ್ಕೆ ಆರಂಭವಾಗುವುದೇ? ಬೀಡಿ ಕಟ್ಟಿ, ಹೊರೆ ಹೊತ್ತು, ಕಲ್ಲು ಒಡೆದು ಬದುಕಿದ ದೇಹವು 60ಕ್ಕೇ ಬಸವಳಿದಿರುತ್ತದೆ. ನಡುವಿನ ಹತ್ತು ವರ್ಷಗಳನ್ನು ಅವರು ಹೇಗೆ ದಾಟಬೇಕು?

ಇನ್ನೊಂದು ಕೊರತೆ ಇದಕ್ಕಿಂತಲೂ ಗಂಭೀರವಾದುದು. ಈ ವಿಮೆ ಅನ್ವಯಿಸುವುದು ಆಸ್ಪತ್ರೆಯಲ್ಲಿ ದಾಖಲಾದವರಿಗೆ. ದಾಖಲಾಗುವ ಮುಂಚಿನ ಮೂರು ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಮಾತ್ರ ಅದರೊಳಗೆ ಸೇರುತ್ತದೆ. ಆದರೆ ವೃದ್ಧರನ್ನು ತಿಂಗಳು ತಿಂಗಳೂ ಹಿಂಡುವುದು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು, ರಕ್ತ ಪರೀಕ್ಷೆ, ವೈದ್ಯರ ಶುಲ್ಕ. ಇವುಗಳಿಗೆ ಈ ಕಾರ್ಡು ಉಪಯೋಗಕ್ಕೆ ಬಾರದು. ಮಾತ್ರೆ ಕೊಳ್ಳಲಾಗದೆ ರಕ್ತದೊತ್ತಡ ಏರಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಬಳಿಕ ಲಕ್ಷಗಟ್ಟಲೆ ವ್ಯಯಿಸುವುದು ಯಾವ ವಿವೇಕ? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಔಷಧಿಗಳು ತಪ್ಪದೆ ದೊರೆಯುವಂತೆ ಮಾಡದಿದ್ದರೆ 5 ಲಕ್ಷದ ಘೋಷಣೆ ಜಾಹೀರಾತು ಫಲಕಗಳಿಗಷ್ಟೇ ಶೋಭೆ.

ಸರಕಾರವನ್ನು ಪ್ರಶ್ನಿಸುವ ಜೊತೆಗೆ ನಮ್ಮ ಹೊಣೆಯನ್ನೂ ನಾವು ನೆನೆಯಬೇಕು. ಕಾರ್ಡು ಸಿಗುವುದು ಆಧಾರ್‌ನಲ್ಲಿ ನಮೂದಾದ ವಯಸ್ಸಿನ ಮೇಲೆ. ಜನನ ಪತ್ರವೇ ಇಲ್ಲದ ಪೀಳಿಗೆಯ ವಯಸ್ಸನ್ನು ಅಂದಾಜಿನಿಂದ ಬರೆಸಿದ್ದುಂಟು. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದೂ ಅಪರೂಪವಲ್ಲ. ಇವನ್ನು ಸರಿಪಡಿಸುವ ಕಾಲ ಆರೋಗ್ಯವಿರುವಾಗಲೇ ಹೊರತು ತುರ್ತು ನಿಗಾ ಘಟಕದ ಬಾಗಿಲಲ್ಲಲ್ಲ. ಹತ್ತಿರದ ಯಾವ ಆಸ್ಪತ್ರೆ ಯೋಜನೆಗೆ ಸೇರಿದೆ, ಯಾವ ಕಾರ್ಡು ಅಲ್ಲಿ ನಡೆಯುತ್ತದೆ ಎಂಬುದನ್ನು ಅಲ್ಲಿನ ಆರೋಗ್ಯ ಮಿತ್ರರಲ್ಲಿ ಮೊದಲೇ ವಿಚಾರಿಸಿಡಬೇಕು. 14555 ಎಂಬ ಸಹಾಯವಾಣಿಯೂ ಇದೆ. ಮೊಬೈಲಿನಲ್ಲಿ ಗಂಟೆಗಟ್ಟಲೆ ಕಳೆಯುವ ನಮ್ಮ ಯುವಕರು ವಾರಕ್ಕೆ ಒಂದು ಸಂಜೆಯನ್ನು ಮೊಹಲ್ಲಾದ ವೃದ್ಧರ ದಾಖಲೆಗಳಿಗೆ ಮೀಸಲಿಟ್ಟರೆ, ಅದು ಹತ್ತು ಭಾಷಣಗಳಿಗಿಂತ ದೊಡ್ಡ ಸಮಾಜ ಸೇವೆಯಾದೀತು. ಮಕ್ಕಳಿಲ್ಲದವರ, ಮಕ್ಕಳಿದ್ದೂ ಒಂಟಿಯಾದವರ ಬಾಗಿಲನ್ನು ಮೊದಲು ತಟ್ಟಬೇಕು.

ವೃದ್ಧರು ನಮ್ಮಲ್ಲಿ ಭಿಕ್ಷೆ ಬೇಡುತ್ತಿಲ್ಲ. ದುಡಿಯುವಷ್ಟು ಕಾಲ ದುಡಿದು ಈ ನಾಡನ್ನು ಕಟ್ಟಿದವರು ಅವರು. ಅವರಿಗೆ ಸಲ್ಲಬೇಕಾದ ಹಕ್ಕನ್ನು ಪೂರ್ಣವಾಗಿ ನೀಡುವುದು ಸರಕಾರದ ಕರ್ತವ್ಯ. ಆ ಹಕ್ಕು ಕಪಾಟಿನೊಳಗಿನ ಕಾಗದವಾಗಿ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಇಂದು ಅವರಿಗಾಗಿ ನಾವು ತೆರೆಯುವ ದಾರಿಯಲ್ಲೇ ನಾಳೆ ನಾವೂ ನಡೆಯಬೇಕಾಗಿದೆ ಎಂಬುದನ್ನು ಮರೆಯದಿರೋಣ.