ಸ್ಯಾಕ್ಸೋಫೋನು, ಗಿಟಾರು, ತಬಲ

ಸ್ಯಾಕ್ಸೋಫೋನು ಕನ್ನಡಿಗರಿಗೆ ಇಂದು ಅಪರಿಚಿತ ವಾದ್ಯವಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮದುವೆಯ ಮಂಟಪಗಳಲ್ಲಿಯೂ ಎಷ್ಟೋ ವೇಳೆ ನಾಗಸ್ವರದ ಸ್ಥಾನದಲ್ಲಿ ಅದೇ ಮಂಗಳವಾದ್ಯವಾಗಿರುವುದುಂಟು. ಪರದೇಶದ ಈ ವಾದ್ಯಕ್ಕೆ ನಮ್ಮಲ್ಲಿ ಇಷ್ಟು ಮರ್ಯಾದೆ ದೊರಕಿಸಿಕೊಟ್ಟವರು ಕದ್ರಿ ಗೋಪಾಲನಾಥರು. ೧೯೪೯ರಲ್ಲಿ ಬಂಟ್ವಾಳದ ಸಜೀಪಮೂಡದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಜನಿಸಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತರು. ಕರ್ನಾಟಕ ಸಂಗೀತದ ಗಮಕಗಳನ್ನು ಅದರಲ್ಲಿ ನುಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. ೨೦೧೯ರಲ್ಲಿ ಅವರು ಕಾಲವಾದರು.

ಅದೇ ವಾದ್ಯವು ಬೇರೊಂದು ದಾರಿಯಿಂದ ಮತ್ತೊಂದು ಕನ್ನಡ ಮನೆತನವನ್ನು ಸೇರಿತು. ರುದ್ರೇಶ್ ಮಹಂತಪ್ಪ ೧೯೭೧ರಲ್ಲಿ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ, ಕಲಿತದ್ದು ಜಾಝ್ ಸಂಗೀತ. ಒಮ್ಮೆ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆಯೇ ಆತನಿಗೆ ಹೊಸ ಲೋಕವನ್ನು ತೋರಿತು. ೨೦೦೮ರಲ್ಲಿ ಹೊರಬಂದ ‘ಕಿನ್ಸ್‌ಮೆನ್’ ಮುದ್ರಿಕೆಯಲ್ಲಿ ಈ ಇಬ್ಬರೂ ಜೊತೆಗೂಡಿ ನುಡಿಸಿದರು. ವಿಮರ್ಶಕರು ಅದನ್ನು ಮುಕ್ತಕಂಠದಿಂದ ಹೊಗಳಿದರು.

ಅದೇ ವರ್ಷ ಬಂದ ‘ಆಪ್ತಿ’ಯದು ಇನ್ನೂ ಸಾಹಸದ ಮಾರ್ಗ. ಅದರಲ್ಲಿರುವವರು ಮೂವರೇ: ಸ್ಯಾಕ್ಸೋಫೋನಿಗೆ ಮಹಂತಪ್ಪ, ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ, ತಬಲಕ್ಕೆ ಸಮೀರ್ ಚಟರ್ಜಿಯವರ ಶಿಷ್ಯನಾದ ಅಮೆರಿಕದ ಡಾನ್ ವೈಸ್. ತಂಡದ ಹೆಸರು ‘ಇಂಡೋ-ಪಾಕ್ ಕೋಅಲಿಷನ್’. ಜಾಝ್ ಕೂಟಗಳಲ್ಲಿ ಸಾಮಾನ್ಯವಾಗಿ ನೆಲಗಟ್ಟಿನಂತಿರುವ ಬಾಸ್ ವಾದ್ಯ ಇಲ್ಲಿಲ್ಲ. ಆ ಭಾರವನ್ನು ತಬಲದ ಎಡಗೈಯೂ ಗಿಟಾರಿನ ತಂತಿಗಳೂ ಹಂಚಿಕೊಳ್ಳಬೇಕು. ಒಬ್ಬರು ತಪ್ಪಿದರೆ ಮೂವರೂ ಬೀಳುವಂಥ ಕಟ್ಟಡವಿದು.

ಇಂತಹ ಕೃತಿಗಳಿಗೆ ‘ಫ್ಯೂಷನ್’ ಎಂಬ ಚೀಟಿಯನ್ನು ಅಂಟಿಸಿ ಕೈತೊಳೆದುಕೊಳ್ಳುವುದು ಸುಲಭ. ಹೆಸರು ಭಾರತೀಯವಾದರೆ ಸಂಗೀತವೂ ಭಾರತೀಯವೆಂದು ಮೊದಲೇ ತೀರ್ಮಾನಿಸುವವರಿಗೂ ಕೊರತೆಯಿಲ್ಲ. ಮಹಂತಪ್ಪ ಇದಕ್ಕೆ ೨೦೦೪ರಲ್ಲಿಯೇ ಉತ್ತರ ಕೊಟ್ಟಿದ್ದರು. “ನೀವು ಇಂಡಿಯನ್ ಭಾಷೆ ಆಡುತ್ತೀರಾ?” ಎಂಬ ಪ್ರಶ್ನೆಗೆ ಅಮೆರಿಕದ ಭಾರತೀಯರು ತಂತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳ ಏರಿಳಿತಗಳನ್ನೇ ಸ್ವರಕ್ಕೆ ಇಳಿಸಿ, ‘ಮದರ್ ಟಂಗ್’ ಎಂಬ ಮುದ್ರಿಕೆಯನ್ನು ರಚಿಸಿದರು. ಅದರ ಒಂದು ರಚನೆಯ ಹೆಸರೇ ‘ಕನ್ನಡ’.

ಆದರೆ ನಾವೂ ಬೇರೊಂದು ಚೀಟಿಯನ್ನು ಸಿದ್ಧಪಡಿಸಿಟ್ಟುಕೊಂಡಿಲ್ಲವೆ? “ನಮ್ಮವನು” ಎಂದು ಹೆಮ್ಮೆಪಡುವುದು ಸಹಜ, ಅದು ವಿಮರ್ಶೆಯಲ್ಲ. ವಂಶವನ್ನು ವಿಚಾರಿಸಿ ಸಂತೋಷಪಟ್ಟವನು ಸಂಗೀತವನ್ನು ಕೇಳದೆಯೇ ಎದ್ದುಹೋದರೆ, ಅವನಿಗೂ ಹೆಸರನ್ನಷ್ಟೇ ನೋಡಿದ ಪರದೇಶದ ವಿಮರ್ಶಕನಿಗೂ ಏನು ಭೇದ?

ಮೊದಲ ಬಾರಿಗೆ ‘ಆಪ್ತಿ’ ಕಿವಿಗೆ ಒರಟಾಗಿ ತೋರೀತು. ಗೋಪಾಲನಾಥರ ಒಂದು ಕೀರ್ತನೆಯನ್ನು ಕೇಳಿ, ಅನಂತರ ಇದಕ್ಕೆ ಕಿವಿಗೊಡುವುದು ಒಳ್ಳೆಯದು. ಒಬ್ಬರು ವಾದ್ಯವನ್ನು ರಾಗದ ಮನೆಗೆ ಕರೆತಂದರು. ಇನ್ನೊಬ್ಬರು ರಾಗದ ನೆನಪನ್ನು ಹೊತ್ತು ಮನೆಯಿಂದ ಹೊರಟರು. ಎರಡೂ ಪ್ರಯಾಣಗಳಿಗೆ ಧೈರ್ಯ ಬೇಕಾಗಿತ್ತು. ಕೇಳುವವರಿಗೆ ಬೇಕಾದುದು ತಾಳ್ಮೆ ಮಾತ್ರ.